ನಮ್ಮ ಚರ್ಚ್ ಹಾಲ್‌ನಿಂದ ಹೊರಟ ಜೀನ್ಸ್ ಚೀಲಗಳು

ನಮ್ಮ ಚರ್ಚ್‌ನ ಹಾಲ್ ಮದುವೆಗೆ ತೆರೆಯುತ್ತಿತ್ತು, ಕ್ರಿಸ್‌ಮಸ್ ಊಟಕ್ಕೆ ತೆರೆಯುತ್ತಿತ್ತು, ಭಾನುವಾರ ಮಕ್ಕಳ ಸಂಡೇ ಸ್ಕೂಲ್‌ಗೆ ತೆರೆಯುತ್ತಿತ್ತು. ಉಳಿದ ದಿನ ಬೀಗ. ಬಳ್ಳಾರಿಯ ಹಳೇ ದಂಡು ಪ್ರದೇಶದ ಕಡೆಯ ಕಟ್ಟಡ ಅದು. ದಪ್ಪ ಗೋಡೆ, ಎತ್ತರದ ಚಾವಣಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಕಾಯುತ್ತಿದ್ದರೂ ಒಳಗೆ ಬಂದು ಕೂತರೆ ಜೀವ ತಣ್ಣಗಾಗುತ್ತದೆ. ಕಮಿಟಿ ಮೀಟಿಂಗ್‌ನಲ್ಲಿ ವರ್ಷಕ್ಕೊಮ್ಮೆ ಯಾರಾದರೂ ಎದ್ದು 'ಈ ಹಾಲ್ ಊರಿಗೆ ಉಪಯೋಗ ಆಗಬೇಕು' ಅನ್ನುವುದು, ಎಲ್ಲರೂ ಹೌದು ಹೌದು ಅನ್ನುವುದು, ಅಷ್ಟರಲ್ಲಿ ಚಹಾ ಬರುವುದು. ನಾನು ಆ ಕಮಿಟಿಯ ಖಜಾಂಚಿ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹೌದು ಅಂದವರಲ್ಲಿ ನಾನೂ ಒಬ್ಬಳು.

ನಮ್ಮ ಸಭೆಯವರಿಗೆ, ಅಂದರೆ ಈ ಚರ್ಚ್‌ಗೆ ಸೇರಿದ ಮನೆಯವರಿಗೆ, ಹಳೇ ಕಾಲದ ಹೆಮ್ಮೆ ಸ್ವಲ್ಪ ಜಾಸ್ತಿ. ಲಂಡನ್ ಮಿಷನ್ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. ಶಾಲೆ, ಅಚ್ಚುಕೂಟ ಎಲ್ಲ ಮಿಷನ್‌ನವರೇ ನಡೆಸುತ್ತಿದ್ದರು. ಹಾಗಾಗಿ ಏನಾದರೂ ಮಾಡೋಣ ಅಂದ ಕೂಡಲೇ ನಮ್ಮ ಹಿರಿಯರ ತಲೆಗೆ ಬರುವುದು ಸ್ವಂತದ್ದು. ಸ್ವಂತ ಕ್ಲಿನಿಕ್, ಸ್ವಂತ ಟ್ಯೂಷನ್, ಮುಂದೆ ಸ್ವಂತ ಬೋರ್ಡು. ಕಾಣಿಕೆಯ ಲೆಕ್ಕ ಬರೆಯುವ ನನಗೆ ಗೊತ್ತು, ನಮ್ಮ ರೊಕ್ಕದಲ್ಲಿ ಸ್ವಂತ ಕ್ಲಿನಿಕ್ ಅಂದರೆ ಮೂರು ತಿಂಗಳಿಗೆ ಮುಚ್ಚುವ ಕ್ಲಿನಿಕ್.

ವಿಷಯ ಬದಲಾದದ್ದು 2023ರಲ್ಲಿ. ನಮ್ಮ ಸಭೆಯಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬಳಿದ್ದಾಳೆ. ಜಾಸ್ತಿ ಮಾತಾಡುವವಳಲ್ಲ. ಆ ಸಲ ಮೀಟಿಂಗ್‌ನಲ್ಲಿ ಎದ್ದು ನಿಂತು, ಕ್ಲಿನಿಕ್ ಬೇಡ, ಬೇಳೆ ಕೊಡಿ ಅಂದಳು.

ಅವಳು ಹೇಳಿದ್ದು ಕ್ಷಯದ ಬಗ್ಗೆ. ನಾವೆಲ್ಲ ಟಿಬಿ ಅನ್ನುತ್ತೇವಲ್ಲ, ಅದು. ಕಫದ ಪರೀಕ್ಷೆ ಸರ್ಕಾರ ಪುಕ್ಕಟೆ ಮಾಡುತ್ತದೆ. ಗುಳಿಗೆಯೂ ಪುಕ್ಕಟೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದ್ದು. ತೂಕ ನೋಡಿ ಎಷ್ಟು ಗುಳಿಗೆ ಅಂತ ಲೆಕ್ಕ. ಎಲ್ಲ ಸರಿ. ಆದರೆ ಜೀನ್ಸ್ ಹೊಲಿಯುವ ಹೆಣ್ಮಗಳು, ಅದಿರು ಲಾರಿ ತುಂಬುವ ಹುಡುಗ, ಹಮಾಲಿ ಮಾಡುವವನು, ಇವರಿಗೆ ಕಾಯಿಲೆ ಬಂತು ಅಂದರೆ ಮೊದಲು ನಿಲ್ಲುವುದು ಕೂಲಿ. ಕೂಲಿ ನಿಂತರೆ ಊಟ ತೆಳ್ಳಗಾಗುತ್ತದೆ. ಹೊಟ್ಟೆಗೆ ಸರಿಯಾಗಿ ಇಲ್ಲದವನಿಗೆ ಆ ಗುಳಿಗೆ ವಾಂತಿ ಬರಿಸುತ್ತದೆ. ವಾಂತಿ ಬಂದರೆ ಬಿಡುತ್ತಾನೆ. ಅರ್ಧಕ್ಕೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತೆ ಬಲಿಯುತ್ತದೆ.

ಆಗಷ್ಟೇ ಜಾರ್ಖಂಡ್‌ನಲ್ಲಿ ನಡೆದ ಒಂದು ಅಧ್ಯಯನದ ಸುದ್ದಿ ಬಂದಿತ್ತು. ಅದರ ಮುಂದಾಳುಗಳಲ್ಲಿ ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದ್ದರು. ಟಿಬಿ ರೋಗಿಗಳಿಗೂ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ರೋಗಿಯ ತೂಕ ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ಏರಿದರೆ ಸಾವಿನ ಅಪಾಯ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ ಅಂತಲೂ ಕಂಡಿತು. ನರ್ಸ್ ಇದನ್ನು ಮೊಬೈಲ್‌ನಲ್ಲಿ ಓದಿ ಹೇಳಿದಾಗ ಕಮಿಟಿ ಸುಮ್ಮನಾಯಿತು. ಅಕ್ಕಿ ಬೇಳೆ ನಮಗೆ ಗೊತ್ತಿರುವ ವಿಷಯ. ಚರ್ಚ್‌ನಲ್ಲಿ ಎಲ್ಲರಿಗೂ ಅಡುಗೆ ಮಾಡಲು ಬರುತ್ತದೆ, ಆಸ್ಪತ್ರೆ ನಡೆಸಲು ಯಾರಿಗೂ ಬರುವುದಿಲ್ಲ.

ಒಬ್ಬ ಹಿರಿಯರು ಮಾತ್ರ ಒಪ್ಪಲಿಲ್ಲ. 'ನಮ್ಮ ಕಾಲದಲ್ಲಿ ಟಿಬಿ ಅಂದರೆ ಮದನಪಲ್ಲಿಗೆ ಕಳಿಸುತ್ತಿದ್ದರು' ಅಂದರು. ಮದನಪಲ್ಲಿ ಹತ್ತಿರದ ಆರೋಗ್ಯವರಂ ಸ್ಯಾನಟೋರಿಯಂ. ಬೇರೆ ಬೇರೆ ಮಿಷನ್‌ಗಳು ಕೂಡಿ 1912ರಲ್ಲಿ ಶುರು ಮಾಡಿದ್ದು. ಅವರ ಮಾತಿನ ಅರ್ಥ, ಆಗ ಅಷ್ಟು ದೊಡ್ಡದು ಮಾಡಿದೆವು, ಈಗ ಬೇಳೆ ಹಂಚುತ್ತೀರಾ ಅಂತ. ನನಗೆ ಅದರಲ್ಲಿ ಬೇರೆಯೇ ಕಂಡಿತು. ಆ ಕಾಲದಲ್ಲಿ ಅಷ್ಟು ಬಲವಿದ್ದ ಮಿಷನ್‌ಗಳೇ ಒಬ್ಬೊಬ್ಬರಿಂದ ಆಗಲ್ಲ ಅಂತ ಕೂಡಿಕೊಂಡಿದ್ದವು, ಅಲ್ವಾ? ಅದನ್ನು ಹೇಳಿದೆ. ಅವರು ನಗಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಬರಹದಲ್ಲಿ ಒಪ್ಪಿಗೆ ಅಂತ ದಾಖಲಾಯಿತು.

ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ನಿಕ್ಷಯ್ ಮಿತ್ರ ಅನ್ನುವ ವ್ಯವಸ್ಥೆ ಶುರು ಮಾಡಿತ್ತು. ವ್ಯಕ್ತಿ, ಸಂಘ, ಕಂಪನಿ, ಧಾರ್ಮಿಕ ಸಂಸ್ಥೆ ಯಾರು ಬೇಕಾದರೂ ಟಿಬಿ ರೋಗಿಗಳಿಗೆ ಆಹಾರದ ಹೊಣೆ ಹೊರಬಹುದು. ಕನಿಷ್ಠ ಆರು ತಿಂಗಳು. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಯಾವ ಪ್ರದೇಶ, ಎಷ್ಟು ಜನ, ಎಷ್ಟು ಕಾಲ ಅಂತ ಹೇಳಬೇಕು. ಆಮೇಲೆ ಕ್ಷಯ ವಿಭಾಗದವರು ಒಪ್ಪಿಗೆ ಕೊಟ್ಟ ರೋಗಿಗಳನ್ನು ಮಾತ್ರ ಜೋಡಿಸುತ್ತಾರೆ. ನೋಂದಣಿ ಸಲೀಸು. ನಮ್ಮ ಯುವಕರ ಸಂಘದ ಹುಡುಗ ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲೇ ಕೂತು ಮುಗಿಸಿದ.

ಕಷ್ಟ ಅದಾದ ಮೇಲೆ. ಕ್ಷಯ ವಿಭಾಗದ ಮೇಲ್ವಿಚಾರಕರನ್ನು ನೋಡಲು ನಾನು ಮತ್ತು ನಮ್ಮ ಸಭಾಪಾಲಕರು ಹೋದೆವು. ಅವರು ಒಳ್ಳೆಯ ಮನುಷ್ಯ, ನೇರವಾಗಿ ಕೇಳಿದರು: 'ಚರ್ಚ್‌ನವರು ಅಂದರೆ ಜನ ಏನಂದುಕೊಳ್ಳುತ್ತಾರೆ ಗೊತ್ತಲ್ಲ?' ಗೊತ್ತು. ಬೇಳೆ ಚೀಲದ ಹಿಂದೆ ಮತಾಂತರ ಇದೆ ಅಂತಾರೆ. ರೋಗಿ ಹೆದರುತ್ತಾನೆ, ಮನೆಯವರು ಜಗಳ ತೆಗೆಯುತ್ತಾರೆ, ಕೊನೆಗೆ ಆತ ಗುಳಿಗೆಗೂ ಬರದೆ ಹೋದರೆ ಅವರ ಕೆಲಸವೇ ಕೆಟ್ಟಿತು. ಅವರ ಅಂಜಿಕೆ ನ್ಯಾಯವಾದದ್ದು ಅಂತ ನನಗೆ ಅನಿಸಿತು.

ಸಭಾಪಾಲಕರನ್ನು ನಾವು ಅಯ್ಯನವರು ಅನ್ನುತ್ತೇವೆ. ಅಯ್ಯನವರು ಅಲ್ಲೇ ಒಂದು ಹಾಳೆ ತೆಗೆದುಕೊಂಡು ಬರೆದರು. ಪ್ರಾರ್ಥನೆ ಮಾಡುವುದಿಲ್ಲ. ಕರಪತ್ರ ಕೊಡುವುದಿಲ್ಲ. ಯಾವ ಜಾತಿ, ಯಾವ ಧರ್ಮ ಕೇಳುವುದಿಲ್ಲ. ಫೋಟೋ ತೆಗೆಯುವುದಿಲ್ಲ. ಯಾರು ರೋಗಿ ಅನ್ನುವುದನ್ನು ಸಭೆಯಲ್ಲಿ ಹೇಳುವುದಿಲ್ಲ. ಸಹಿ ಹಾಕಿ ಕೊಟ್ಟರು. ಅದರ ಒಂದು ಪ್ರತಿ ಈಗಲೂ ನಮ್ಮ ಹಾಲ್‌ನ ಗೋಡೆ ಮೇಲಿದೆ.

ಆ ಹಾಳೆಗೆ ಹೊರಗಿನವರಿಗಿಂತ ನಮ್ಮವರದ್ದೇ ತಕರಾರು ಜಾಸ್ತಿ. 'ಯೇಸುವಿನ ಹೆಸರು ಹೇಳದೆ ಕೊಟ್ಟರೆ ನಮ್ಮ ಸಾಕ್ಷಿ ಏನು? ಇದನ್ನು ರೋಟರಿಯವರೂ ಮಾಡುತ್ತಾರೆ' ಅಂತ ಒಬ್ಬರು ಎದ್ದು ಕೇಳಿದರು. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಭಕ್ತಿ ಇದ್ದವರೇ ಕೇಳುವ ಪ್ರಶ್ನೆ. ಅಯ್ಯನವರು ಆ ಭಾನುವಾರ ಪ್ರಸಂಗಕ್ಕೆ ಬೈಬಲ್‌ನಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದ ಭಾಗ ತೆಗೆದುಕೊಂಡರು. ಹತ್ತೂ ಜನ ಗುಣವಾದರು, ತಿರುಗಿ ಬಂದವನು ಒಬ್ಬ. ಅವನೂ ಸಮಾರ್ಯದವನು, ಹೊರಗಿನವನು. 'ಉಳಿದ ಒಂಬತ್ತು ಜನರ ರೋಗವನ್ನು ಕರ್ತನು ವಾಪಸ್ ತರಿಸಿದನೇ?' ಅಂತ ಕೇಳಿ ಕೂತುಬಿಟ್ಟರು. ಅಷ್ಟು ಚಿಕ್ಕ ಪ್ರಸಂಗ ನಾನು ಅವರಿಂದ ಕೇಳಿದ್ದು ಅದೊಂದೇ. ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ಎರಡು ಮನೆಯವರು ಇವತ್ತಿಗೂ ಈ ನಿಧಿಗೆ ಕೊಡುವುದಿಲ್ಲ, ಬೇರೆ ಕಾಣಿಕೆ ಕೊಡುತ್ತಾರೆ. ಅದೂ ಸರಿಯೇ.

ಈಗ ಲೆಕ್ಕಕ್ಕೆ ಬರುತ್ತೇನೆ, ಅದು ನನ್ನ ಇಲಾಖೆ. ದೊಡ್ಡವರಿಗೆ ತಿಂಗಳ ಬುಟ್ಟಿ ಅಂತ ಸರ್ಕಾರ ಸೂಚಿಸಿದ್ದು 3 ಕೆಜಿ ಧಾನ್ಯ, ಒಂದೂವರೆ ಕೆಜಿ ಬೇಳೆಕಾಳು, 250 ಗ್ರಾಂ ಎಣ್ಣೆ, ಜೊತೆಗೆ ಒಂದು ಕೆಜಿ ಹಾಲಿನ ಪುಡಿ ಅಥವಾ ಒಂದು ಕೆಜಿ ಶೇಂಗಾ. ಸಾಧ್ಯವಾದರೆ ಮೊಟ್ಟೆಯೂ. ಬಳ್ಳಾರಿಯಲ್ಲಿ ಹಾಲಿನ ಪುಡಿ ಯಾಕೆ, ಶೇಂಗಾ ಇದ್ದೇ ಇದೆ. ಧಾನ್ಯಕ್ಕೆ ಜೋಳ ಹಾಕಿದೆವು. ಅನ್ನಭಾಗ್ಯದ ಅಕ್ಕಿ ಹೇಗೂ ಮನೆಗೆ ಬರುತ್ತದೆ, ಜೋಳ ಕೊಂಡುಕೊಳ್ಳಬೇಕು. ರೊಟ್ಟಿ ತಿಂದು ಬೆಳೆದವರು ಕಾಯಿಲೆ ಬಿದ್ದಾಗ ರೊಟ್ಟಿಯನ್ನೇ ಕೇಳುತ್ತಾರೆ. ಜೋಳ, ತೊಗರಿಬೇಳೆ, ಎಣ್ಣೆ, ಶೇಂಗಾ, ಮೂವತ್ತು ಮೊಟ್ಟೆ, ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 750 ರೂಪಾಯಿ ಆಸುಪಾಸು ಬಿತ್ತು. ಇಪ್ಪತ್ತು ಜನಕ್ಕೆ ಆರು ತಿಂಗಳು ಅಂದರೆ 90,000. ನಮ್ಮ ಸಭೆಗೆ ಅದು ದೊಡ್ಡ ಮೊತ್ತ.

ರೊಕ್ಕದ ದಾರಿ ಸಿಕ್ಕಿದ್ದು ಸುಗ್ಗಿ ಹಬ್ಬದಲ್ಲಿ. ನಮ್ಮಲ್ಲಿ ಸುಗ್ಗಿಯ ಆರಾಧನೆ ಆದ ಮೇಲೆ ಜನ ತಂದ ಫಲಗಳನ್ನು ಹರಾಜು ಹಾಕುತ್ತಾರೆ. ನೋಡಿಲ್ಲದವರಿಗೆ ಹೇಳುತ್ತೇನೆ, ಅದು ದೊಡ್ಡ ತಮಾಷೆ. ಕುಂಬಳಕಾಯಿ, ಬಾಳೆಗೊನೆ, ಜೋಳದ ತೆನೆ, ಕೋಳಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ. ಒಂದು ಸೋರೆಕಾಯಿಯನ್ನು ಒಬ್ಬರು ಕೂಗಿ ತೆಗೆದುಕೊಳ್ಳುತ್ತಾರೆ, ರೊಕ್ಕ ಕಟ್ಟಿ 'ಮತ್ತೆ ಹರಾಜು ಹಾಕಿ' ಅಂತ ವಾಪಸ್ ಕೊಡುತ್ತಾರೆ. ಅದೇ ಸೋರೆಕಾಯಿ ಮತ್ತೆ ಮಾರಾಟ. ಭಾವ-ಭಾಮೈದರ ಮಧ್ಯೆ ಪೈಪೋಟಿ ಬಿದ್ದರೆ ಒಂದು ಹುಂಜಕ್ಕೆ ಕುರಿಯ ಬೆಲೆ ಬರುತ್ತದೆ. ಆ ವರ್ಷ ಹರಾಜಿನ ರೊಕ್ಕ ಪೂರ್ತಿ ಬೇಳೆ ಚೀಲಕ್ಕೆ ಅಂತ ಮೊದಲೇ ಸಾರಿದೆವು, ಬೀದಿಯವರನ್ನೂ ಕರೆದೆವು. ಎದುರಿನ ಹಾರ್ಡ್‌ವೇರ್ ಅಂಗಡಿಯವರು ಬಂದು ಬಾಳೆಗೊನೆಗೆ ಕೂಗಿದ ಬೆಲೆ ಕೇಳಿ ನಮ್ಮವರಿಗೇ ಮುಜುಗರವಾಯಿತು. ಕಿರಾಣಿ ಸಗಟು ವ್ಯಾಪಾರಿಯೊಬ್ಬರು ಹರಾಜಿಗೆ ಕೈ ಎತ್ತಲಿಲ್ಲ. ಬದಲಿಗೆ ಬೇಳೆಯನ್ನು ತಾವು ಕೊಂಡ ಬೆಲೆಗೇ ಕೊಡುತ್ತೇನೆ ಅಂದರು. ನನ್ನ ಲೆಕ್ಕದಲ್ಲಿ ಬಾಳೆಗೊನೆಗಿಂತ ಅದೇ ದೊಡ್ಡದು.

ಇನ್ನು ಚೀಲ. ಮೊದಲು ಪ್ಲಾಸ್ಟಿಕ್ ಚೀಲದ ಮೇಲೆ ಚರ್ಚ್ ಹೆಸರು ಅಚ್ಚು ಹಾಕಿಸೋಣ ಅಂತ ಒಂದು ಮಾತು ಬಂತು. ನರ್ಸ್ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದಳು: 'ಆ ಚೀಲ ಹಿಡಿದು ಓಣಿಯಲ್ಲಿ ಹೋದವರೆಲ್ಲ ಟಿಬಿಯವರು ಅಂತ ಆಗುತ್ತದೆ.' ಟಿಬಿಯ ಹೆಸರು ಹೊರಗೆ ಬಿದ್ದರೆ ಬಾಡಿಗೆ ಮನೆ ಬಿಡಿಸುತ್ತಾರೆ, ಮಗಳ ಮದುವೆ ನಿಲ್ಲುತ್ತದೆ, ಗಾರ್ಮೆಂಟ್‌ನಲ್ಲಿ ಮಷೀನ್ ಕೊಡುವುದಿಲ್ಲ. ಸರಿಯಾಗಿ ಗುಳಿಗೆ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವುದು ತೀರಾ ಕಡಿಮೆಯಾಗುತ್ತದೆ. ಅದನ್ನು ಎಷ್ಟು ಜನಕ್ಕೆ ಅಂತ ಕೂತು ಹೇಳುತ್ತೀರಿ?

ಹಾಗಾದರೆ ಬಳ್ಳಾರಿಯಲ್ಲಿ ಎಲ್ಲರ ಕೈಯಲ್ಲೂ ಇರುವ ಚೀಲ ಯಾವುದು? ಜೀನ್ಸ್ ಬಟ್ಟೆಯದ್ದು. ನಮ್ಮೂರು ಜೀನ್ಸ್ ಹೊಲಿಗೆಗೆ ಹೆಸರಾದದ್ದು ಎಲ್ಲರಿಗೂ ಗೊತ್ತು. ದಂಡಿನ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯಲು ಬಂದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಅಂತ ಊರಲ್ಲಿ ಹೇಳುತ್ತಾರೆ. ಕಟಿಂಗ್ ಆದ ಮೇಲೆ ಉಳಿಯುವ ತುಂಡುಗಳು ಮೂಟೆಗಟ್ಟಲೆ. ಒಂದು ಯೂನಿಟ್‌ನ ಯಜಮಾನರು ತುಂಡು ಬಟ್ಟೆ ಪುಕ್ಕಟೆ ಕೊಟ್ಟರು. ನಮ್ಮ ಮಹಿಳಾ ಸಂಘದವರೂ ಓಣಿಯ ಸ್ವಸಹಾಯ ಗುಂಪಿನ ಹೆಣ್ಮಕ್ಕಳೂ ಹಾಲ್‌ನಲ್ಲಿ ಕೂತು ಚೀಲ ಹೊಲಿದರು. ಒಂದು ಚೀಲಕ್ಕೆ ಇಷ್ಟು ಅಂತ ಹೊಲಿಗೆ ಕೂಲಿ ಕೊಟ್ಟೆವು. 'ಸೇವೆ ಅಂತ ಪುಕ್ಕಟೆ ಹೊಲಿಯಲಿ' ಅಂದವರಿದ್ದರು. ನಾನು ಒಪ್ಪಲಿಲ್ಲ. ದಿನದ ಕೂಲಿ ನಂಬಿ ಬದುಕುವವರ ಸೇವೆಯನ್ನು ಸಂಬಳ ಪಡೆದು ನಿವೃತ್ತರಾದ ನಾವು ಕೇಳಬಾರದು. ಚೀಲ ಗಟ್ಟಿಯಾಗಿ ಬಂದವು. ಉಳಿದ ಚೀಲಗಳನ್ನು ಮಾರಾಟಕ್ಕಿಟ್ಟೆವು. ಈಗ ನಮ್ಮ ಬೀದಿಯಲ್ಲಿ ತರಕಾರಿಗೆ ಹೋಗುವವರಲ್ಲಿ ಬಹಳ ಜನರ ಕೈಯಲ್ಲಿ ಅದೇ ಚೀಲ. ಯಾರ ಚೀಲದಲ್ಲಿ ಬೇಳೆ, ಯಾರ ಚೀಲದಲ್ಲಿ ಬದನೆಕಾಯಿ, ಯಾರಿಗೆ ಗೊತ್ತಾಗಬೇಕು?

ಇದೇ ಉಪಾಯವನ್ನು ಹಾಲ್‌ಗೂ ಹಾಕಿದೆವು. ರೋಗಿಗಳನ್ನು ಮಾತ್ರ ಕರೆದರೆ ಅದು ಟಿಬಿ ಹಾಲ್ ಆಗುತ್ತದೆ. ಅದಕ್ಕೆ ತಿಂಗಳ ಎರಡನೇ ಶನಿವಾರ ಹಾಲ್ ಎಲ್ಲರಿಗೂ ತೆರೆದದ್ದು ಅಂತ ಮಾಡಿದೆವು. ಒಂದು ಮೂಲೆಯಲ್ಲಿ ನಗರ ಆರೋಗ್ಯ ಕೇಂದ್ರದವರು ಬಿಪಿ, ಶುಗರ್ ನೋಡುತ್ತಾರೆ. ಇನ್ನೊಂದು ಮೂಲೆಯಲ್ಲಿ ಹೊಲಿಗೆ. ಮಕ್ಕಳಿಗೆ ಯುವಕರು ಕಥೆ ಪುಸ್ತಕ ಹರಡುತ್ತಾರೆ. ಕಾಫಿ ಇರುತ್ತದೆ, ಕೆಲವು ಸಲ ಒಗ್ಗರಣೆ ಮಂಡಕ್ಕಿ ಮಿರ್ಚಿ. ಅಜ್ಜಿಯರು ಶುಗರ್ ನೋಡಿಸಿಕೊಳ್ಳಲು ಬಂದು, ಅದೇ ಕೈಯಲ್ಲಿ ಮಿರ್ಚಿ ತಿಂದು ಹೋಗುತ್ತಾರೆ. ನಮ್ಮ ನರ್ಸ್ ಅದಕ್ಕೆ ಬೈಯುವುದನ್ನು ಬಿಟ್ಟಿದ್ದಾಳೆ. ಈ ಗದ್ದಲದ ನಡುವೆ ಚೀಲ ಬೇಕಾದವರು ಚೀಲ ಒಯ್ಯುತ್ತಾರೆ. ಬರಲಾಗದವರಿಗೆ ಆಶಾ ಕಾರ್ಯಕರ್ತೆಯರು, ಇಲ್ಲವೇ ಒಬ್ಬ ಆಟೋದವರು ಮುಟ್ಟಿಸುತ್ತಾರೆ. ಆಟೋದವರಿಗೆ ಒಳಗೇನಿದೆ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಕೇಳಲೂ ಇಲ್ಲ.

ನನಗೆ ಒಂದು ಮೇಜು ಸಿಕ್ಕಿದೆ. ಅದು ಯಾರ ಯೋಜನೆಯಲ್ಲೂ ಇರಲಿಲ್ಲ. ಟಿಬಿ ರೋಗಿಗಳಿಗೆ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿಯನ್ನು ನೇರ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಯಿತು. ಆದರೆ ರೊಕ್ಕ ಬಂದಿಲ್ಲ ಅನ್ನುವವರೇ ಬಹಳ. ಪಾಸ್‌ಬುಕ್ ತರಿಸಿ ನೋಡಿದರೆ ಅರ್ಧಕ್ಕರ್ಧ ನಮ್ಮ ಬ್ಯಾಂಕಿನವರಿಗೆ ಗೊತ್ತಿರುವ ಹಳೇ ಕಥೆ. ಜನ್ ಧನ್ ಖಾತೆ ವರ್ಷಗಟ್ಟಲೆ ಮುಟ್ಟದೆ ನಿಷ್ಕ್ರಿಯವಾಗಿದೆ. ಆಧಾರ್‌ನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು. ಆಧಾರ್ ಜೋಡಣೆ ಆಗಿರುವುದು ಯಾವುದೋ ಮರೆತುಹೋದ ಖಾತೆಗೆ, ರೊಕ್ಕ ಅಲ್ಲಿಗೆ ಹೋಗಿ ಕೂತಿದೆ. ಒಬ್ಬಾಕೆಯ ರೊಕ್ಕ ಹೀಗೆ ಆಕೆಗೇ ನೆನಪಿಲ್ಲದ ಖಾತೆಯಲ್ಲಿ ಬೆಳೆಯುತ್ತಿತ್ತು. ಹೊಸ ಔಷಧಿ ಕಂಡುಹಿಡಿಯುವುದು ನನ್ನಿಂದ ಆಗದು, ಕೆವೈಸಿ ಫಾರಂ ತುಂಬುವುದು ಆಗುತ್ತದೆ. ಸಭೆಯಲ್ಲಿ ನನ್ನಂಥ ನಿವೃತ್ತರು ಇನ್ನೂ ಇಬ್ಬರಿದ್ದಾರೆ. ಮೂವರೂ ಸೇರಿ ಫಾರಂ ತುಂಬುತ್ತೇವೆ, ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇವೆ. ಬೇಳೆ ಚೀಲಕ್ಕಿಂತ ಈ ಮೇಜಿನ ಮುಂದೆಯೇ ಈಗ ಜನ ಜಾಸ್ತಿ. ಪಿಂಚಣಿ ಬಂದಿಲ್ಲ, ಗೃಹಲಕ್ಷ್ಮಿ ನಿಂತಿದೆ ಅಂತ ಟಿಬಿಗೆ ಸಂಬಂಧವೇ ಇಲ್ಲದವರೂ ಬರುತ್ತಾರೆ. ಬರಲಿ.

ಮಸೀದಿಯವರು ಸೇರಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಪಟ್ಟಿಯಲ್ಲಿ ಮುಸ್ಲಿಂ ಮನೆಯವರು ಕೆಲವರಿದ್ದರು. 2024ರ ರಂಜಾನ್ ಮಾರ್ಚ್-ಏಪ್ರಿಲ್‌ನಲ್ಲಿ, ಬಿಸಿಲು ಏರುವ ಹೊತ್ತಿನಲ್ಲಿ ಬಂತು. ಒಬ್ಬ ಹುಡುಗ ರೋಜಾ ಹಿಡಿದಿದ್ದಾನೆ, ಬೆಳಗಿನ ಗುಳಿಗೆ ನಿಲ್ಲಿಸಿದ್ದಾನೆ ಅಂತ ಆಶಾ ಕಾರ್ಯಕರ್ತೆ ಓಡಿ ಬಂದಳು. ಅವನ ಹತ್ತಿರ ಹೋಗಿ ರೋಜಾ ಬಿಡು ಅಂತ ಚರ್ಚ್‌ನವರು ಹೇಳಲು ಆಗುತ್ತದೆಯೇ? ಕನಸಿನಲ್ಲೂ ಆಗದು. ಅಯ್ಯನವರು ಸೀದಾ ಮಸೀದಿ ಕಮಿಟಿಯ ಅಧ್ಯಕ್ಷರ ಅಂಗಡಿಗೆ ಹೋದರು. ಹುಡುಗನ ಹೆಸರು ಹೇಳಲಿಲ್ಲ, ಇಂಥ ತೊಂದರೆ ಇದೆ ಅಂದರು ಅಷ್ಟೇ. ಆ ಶುಕ್ರವಾರ ನಮಾಜ್ ಆದ ಮೇಲೆ ಮೌಲ್ವಿಯವರು ಮಾತಾಡಿದರು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ, ಗುಣವಾದ ಮೇಲೆ ಹಿಡಿಯಬಹುದು, ಔಷಧಿ ನಿಲ್ಲಿಸಬೇಡಿ ಅಂತ. ಹುಡುಗ ಮಾರನೇ ದಿನವೇ ಗುಳಿಗೆ ತೆಗೆದುಕೊಂಡ.

ಆಮೇಲೆ ಮಸೀದಿ ಕಮಿಟಿಯವರೇ ಬಂದರು. ತಮ್ಮ ಕಡೆಯಿಂದ ಎಣ್ಣೆ ಮತ್ತು ಶೇಂಗಾ ಪೂರ್ತಿ ನಾವು ಕೊಡುತ್ತೇವೆ ಅಂದರು. ಅವರದ್ದೂ ಒಂದು ಷರತ್ತಿತ್ತು: ನಮ್ಮ ಹೆಸರೂ ಎಲ್ಲೂ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುವುದನ್ನು ನಾವು ನಮ್ಮದೇ ಮಾತು ಅಂದುಕೊಂಡಿದ್ದೆವು. ಅವರಲ್ಲೂ ಹಾಗೇ ಹೇಳುತ್ತಾರಂತೆ.

ಹೆಸರು ಬೇಕು ಅಂದವರೂ ಬಂದರು. ಒಬ್ಬ ಮುಖಂಡರು ನೂರು ಚೀಲ ಬೇಳೆ ಕೊಡುತ್ತೇನೆ, ವೇದಿಕೆ ಹಾಕಿ, ರೋಗಿಗಳನ್ನು ಸಾಲಾಗಿ ಕೂರಿಸಿ ಅಂತ ಹೇಳಿ ಕಳಿಸಿದರು. ಗೋಡೆ ಮೇಲಿನ ಹಾಳೆಯ ಫೋಟೋ ತೆಗೆದು ಕಳಿಸಿದೆವು. ಅವರು ಬರಲಿಲ್ಲ. ಬೇಳೆಯೂ ಬರಲಿಲ್ಲ.

ಮತಾಂತರದ ಗುಲ್ಲು ಏಳಲೇ ಇಲ್ಲ ಅಂತಲ್ಲ. ಒಂದು ಶನಿವಾರ ನಾಲ್ಕೈದು ಹುಡುಗರು ಬಂದು ಬಾಗಿಲಲ್ಲಿ ನಿಂತರು, ಮೊಬೈಲ್‌ನಲ್ಲಿ ವಿಡಿಯೋ ಮಾಡತೊಡಗಿದರು. ನಮ್ಮ ಯುವಕರ ಮುಖ ಕೆಂಪಾಯಿತು. ನಾವು ಬಾಯಿ ತೆರೆಯುವ ಮೊದಲೇ ಆಶಾ ಕಾರ್ಯಕರ್ತೆ ಎದ್ದಳು. ಆ ಓಣಿಯ ಅರ್ಧ ಮಕ್ಕಳಿಗೆ ಲಸಿಕೆ ಹಾಕಿಸಿದವಳು ಅವಳು. 'ಇದು ನನ್ನ ಕೆಲಸ, ನಾನು ಕರೆಸಿದ್ದು. ವಿಡಿಯೋ ನಿಲ್ಲಿಸು, ನಿಮ್ಮವ್ವನಿಗೆ ಹೇಳಲಾ?' ಅಂದಳು. ವಿಡಿಯೋ ನಿಂತಿತು. ಹುಡುಗರು ಒಳಗೆ ಬಂದು ಚೀಲ ನೋಡಿದರು, ಹಾಳೆ ಓದಿದರು, ಹೋದರು. ಮನಸ್ಸು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಈಗಲೂ ಆಗಾಗ ಬಾಗಿಲ ಹತ್ತಿರ ಬೈಕ್ ನಿಲ್ಲಿಸಿ ನೋಡಿ ಹೋಗುತ್ತಾರೆ. ನಾವು ಬಾಗಿಲು ತೆರೆದೇ ಇಡುತ್ತೇವೆ. ಚರ್ಚ್ ಒಂದೇ ನಿಂತು ಮಾಡಿದ್ದರೆ ಆ ದಿನ ಏನಾಗುತ್ತಿತ್ತೋ. ಎಷ್ಟು ಸಾಚಾ ಮಾತಾಡಿದರೂ ನಮ್ಮ ಬಾಯಿಂದ ಬಂದರೆ ಅದಕ್ಕೆ ಬೆಲೆ ಇರುತ್ತಿರಲಿಲ್ಲ. ಮೌಲ್ವಿ ಹೇಳಬೇಕಾದ್ದನ್ನು ಮೌಲ್ವಿಯೇ ಹೇಳಬೇಕು, ಆಶಾ ಹೇಳಬೇಕಾದ್ದನ್ನು ಆಶಾಳೇ. ನಮ್ಮ ಹತ್ತಿರ ಇದ್ದದ್ದು ಹಾಲ್, ಬೀಗದ ಕೈ, ಪುರುಸೊತ್ತು ಇರುವ ಕೆಲವು ಜನ. ಅದನ್ನು ಕೊಟ್ಟೆವು.

ಚಿಕ್ಕ ಚಿಕ್ಕ ಕಿರಿಕಿರಿಗಳು ಬೇಕಾದಷ್ಟು. ಬೇಸಿಗೆಯಲ್ಲಿ ಮೊಟ್ಟೆ ಒಂದು ತಿಂಗಳು ಇಟ್ಟರೆ ಕೆಡುತ್ತವೆ, ಅದಕ್ಕೆ ಈಗ ಹತ್ತಿರದ ಅಂಗಡಿಗೆ ಚೀಟಿ ಕೊಡುತ್ತೇವೆ, ವಾರಕ್ಕೆ ಏಳರಂತೆ ಅಲ್ಲೇ ತೆಗೆದುಕೊಳ್ಳಬೇಕು. ಮೊಟ್ಟೆ ತಿನ್ನದ ಮನೆಯವರಿಗೆ ಕಡಲೆ, ಹೆಸರುಕಾಳು. ಗುಳಿಗೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತ ಹೋಗುತ್ತಿದೆ ಅಂತ ಹೆದರಿ ಔಷಧಿ ಬಿಡುವವರಿದ್ದಾರೆ. ಮೊದಲ ಚೀಲ ಕೊಡುವಾಗಲೇ ಆರೋಗ್ಯ ಕಾರ್ಯಕರ್ತರು ಅದನ್ನು ಹೇಳಿಬಿಡುತ್ತಾರೆ. ಚೀಲದ ಬೇಳೆ ರೋಗಿಯ ತಟ್ಟೆಗೇ ಬೀಳುತ್ತದೆ ಅನ್ನುವ ಭ್ರಮೆ ನಮಗಿಲ್ಲ. ಮನೆಯಲ್ಲಿ ಮೂರು ಮಕ್ಕಳಿದ್ದರೆ ಯಾವ ತಾಯಿ ತಾನೊಬ್ಬಳೇ ತಿನ್ನುತ್ತಾಳೆ? ಮಕ್ಕಳಿರುವ ಮನೆಗೆ ಈಗ ಒಂದು ಕೆಜಿ ಬೇಳೆ ಹೆಚ್ಚಿಗೆ ಹಾಕುತ್ತೇವೆ.

ತೂಕ ಏರಿದವರನ್ನು ನೋಡಿದ್ದೇವೆ. ಕೆನ್ನೆ ತುಂಬಿಕೊಂಡು, ಮತ್ತೆ ಮಷೀನ್ ಮುಂದೆ ಕೂತವರಿದ್ದಾರೆ. ಒಬ್ಬರು ತೀರಿಕೊಂಡರು. ಕುಡಿತ ಇತ್ತು, ಲಿವರ್ ಕೆಟ್ಟಿತ್ತು, ಆಸ್ಪತ್ರೆಗೆ ಬಂದದ್ದೇ ತಡವಾಗಿ. ಅವರ ಮನೆಗೆ ಚೀಲ ನಿಲ್ಲಿಸಬೇಕು ಅಂತ ನಿಯಮ, ರೋಗಿ ಇಲ್ಲವಲ್ಲ. ಆರು ತಿಂಗಳು ಮುಗಿಯುವ ತನಕ ಕೊಟ್ಟೆವು. ಆ ಲೆಕ್ಕ ಬೇರೆ ತಲೆಬರಹದಲ್ಲಿ ಬರೆದಿದ್ದೇನೆ, ಆಡಿಟರ್ ಕೇಳಿದರೆ ಉತ್ತರ ಇದೆ.

ಹೋದ ವರ್ಷ ಕೊಪ್ಪಳ ಮತ್ತು ರಾಯಚೂರು ಕಡೆಯ ಸಭೆಗಳವರು ಕೆಲವರು ನೋಡಲು ಬಂದಿದ್ದರು. ಒಬ್ಬರು ಚೀಲದ ಬಟ್ಟೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನಿಮ್ಮೂರಲ್ಲಿ ಜೀನ್ಸ್ ಯಾಕೆ, ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ, ಮೊದಲು ಗಿರಣಿಯವರ ಹತ್ತಿರ ಹೋಗಿ ಅಂದೆ. ಅವರಲ್ಲೊಬ್ಬರು ಎತ್ತಿದ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಗುಳೆ ಹೋದವರನ್ನು ಏನು ಮಾಡುತ್ತೀರಿ?

ಅದು ನಮ್ಮ ತಲೆನೋವೂ ಹೌದು. ಮಳೆ ಕೈಕೊಟ್ಟರೆ, ಸುಗ್ಗಿ ಮುಗಿದರೆ, ಜನ ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಅರ್ಧ ಚಿಕಿತ್ಸೆಯಲ್ಲಿದ್ದರೂ ಸ್ವಲ್ಪ ಮೈಯಲ್ಲಿ ಬಲ ಬಂದ ಕೂಡಲೇ ಹೊರಡುತ್ತಾರೆ. ಗುಳಿಗೆಯ ವಿಷಯದಲ್ಲಿ ತೊಂದರೆ ಕಡಿಮೆ, ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಿಕ್ಷಯ್ ನಂಬರ್ ಇದ್ದರೆ ಬೇರೆ ಊರಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಬೇಳೆ ಚೀಲ ವರ್ಗಾಯಿಸುವುದು ಹೇಗೆ? ಬೆಂಗಳೂರಿನ ಕೆಲವು ಸಭೆಗಳಿಗೆ ಅಯ್ಯನವರು ಫೋನ್ ಮಾಡಿದರು. ಒಬ್ಬರು ಒಪ್ಪಿ, ಯಲಹಂಕ ಕಡೆ ಕಟ್ಟಡ ಕೆಲಸದಲ್ಲಿದ್ದ ಒಂದು ಮನೆಯವರಿಗೆ ಕೊನೆಯ ಎರಡು ತಿಂಗಳು ಮುಟ್ಟಿಸಿದರು. ಉಳಿದವರು ನೋಡೋಣ ಅಂದಿದ್ದಾರೆ. ರೊಕ್ಕವನ್ನೇ ಖಾತೆಗೆ ಹಾಕಿಬಿಡೋಣ ಅಂತ ಯುವಕರ ವಾದ. ಬೇಳೆ ಕೊಟ್ಟರೆ ಬೇಳೆ ತಿನ್ನುತ್ತಾರೆ, ರೊಕ್ಕ ಕೊಟ್ಟರೆ ಬಡ್ಡಿ ಸಾಲಕ್ಕೆ ಹೋಗುತ್ತದೆ ಅಂತ ನರ್ಸ್‌ಳ ವಾದ. ನನಗೆ ಇಬ್ಬರದ್ದೂ ಸರಿ ಕಾಣುತ್ತದೆ. ಮುಂದಿನ ಮೀಟಿಂಗ್‌ಗೆ ಮಸೀದಿ ಕಮಿಟಿಯವರನ್ನೂ ಕಿರಾಣಿ ವ್ಯಾಪಾರಿಯನ್ನೂ ಕರೆದಿದ್ದೇವೆ. ಬೆಂಗಳೂರಿನ ಸಗಟು ಅಂಗಡಿಗಳಲ್ಲಿ ಆ ವ್ಯಾಪಾರಿಗೆ ಪರಿಚಯ ಇದೆಯಂತೆ, ಅಲ್ಲಿ ಚೀಟಿ ನಡೆಯುತ್ತದೆಯೇ ಅಂತ ಕೇಳಬೇಕು.